ಕಿವಿಗೊತ್ತಿದ ಸ್ಕ್ರೂಡ್ರೈವರ್

ಎದುರಿನ ಗ್ಯಾರೇಜಿನ ಸುಜಯನ ಲ್ಯಾಪ್‌ಟಾಪ್ ಕಂಡರೆ ಚಿಕ್ಕೋಡಿಯ ಖಲೀಲ ಮಿಸ್ತ್ರಿಗೆ ಮೈಯೆಲ್ಲ ಉರಿಯುತ್ತದೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಒತ್ತಿ ನಲವತ್ತು ವರ್ಷ ಗಾಡಿಗಳ ರೋಗ ಹೇಳಿದವನು ಅವನು. ದೂರದ ಬೇಡಕಿಹಾಳ ಊರಿನಲ್ಲಿ ಜೀಪು ಕೆಮ್ಮಿದರೆ ಇಲ್ಲಿ ಕುಳಿತೇ ಮದ್ದು ಹೇಳುತ್ತಿದ್ದನಂತೆ. ವೇಗದ ಹುಚ್ಚಿರುವ ಯಾರಾದರೂ ಕಾರಿಗೆ ಇಂಜಿನ್ನಿನ ಕವಾಟಗಳನ್ನು ತುಸು ಹೆಚ್ಚು ತೆರೆಯುವ ಜೋರಿನ ಕ್ಯಾಮ್‌ಶಾಫ್ಟ್ ಹಾಕಿಸಿ, "ಕಂಪ್ಯೂಟರ್ ಟ್ಯೂನಿಂಗ್ ಬೇಕೇನ್ರಿ, ಚಾಚಾ?" ಎಂದರೆ ಸಾಕು, ರಸ್ತೆಯಾಚೆಗೆ ಕೇಳುವಂತೆ ಗುಡುಗುತ್ತಾನೆ: "ಇಷ್ಟ ಸಣ್ಣ ಬದಲಾವಣೆಗೆ ಯಾತರ ಟ್ಯೂನಿಂಗ್? ಇಂಜಿನ್ನಿನ ಕಂಪ್ಯೂಟರ್ ತಾನ ಹೊಂದ್ಕೋತೈತಿ. ಗಾಡಿ ನಿಂತಲ್ಲೇ ಚಾಲೂ ಇದ್ದಾಗ ಇಂಜಿನ್ ತಾಳ ತಪ್ಪಿ ಬಡಿದ್ರ ಅಷ್ಟ ಟ್ಯೂನಿಂಗ್ ಬೇಕು. ಅದನ್ನ ನನ್ನ ಕಿವಿ ಹೇಳತೈತಿ!" ಕೂಗು ಕೇಳಿದ ಸುಜಯ ಬಂದು ಕಾರಿಗೆ ಲ್ಯಾಪ್‌ಟಾಪಿನ ವೈರು ಜೋಡಿಸಿ, "ಖರೇ ಐತ್ರಿ, ಮೊದಲ ಚಾಚಾ ಕೇಳ್ಲಿ" ಎನ್ನುತ್ತಾನೆ. ಖಲೀಲ ಸ್ಕ್ರೂಡ್ರೈವರನ್ನು ಕಿವಿಗೊತ್ತಿ ಬಾಗುತ್ತಾನೆ. ಎರಡು ವರ್ಷದಿಂದ ಆ ಕಿವಿಗೆ ಎಲ್ಲ ಇಂಜಿನ್ನುಗಳೂ ಬರೀ ಗುಂಯ್ ಎನ್ನುತ್ತವೆ. ಓರೆಗಣ್ಣಿನಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಇಂಜಿನ್ನಿನ ಬಡಿತ ತೋರಿಸುತ್ತ ನೆಟ್ಟಗೆ ಓಡುವ ಗೆರೆ ನೋಡಿ, "ಸರಿ ಬಡಿಯಾಕತ್ತೈತಿ, ಟ್ಯೂನಿಂಗ್ ಬ್ಯಾಡ, ಹೋಗ್ರಿ" ಎನ್ನುತ್ತಾನೆ. ಆ ಪರದೆಯನ್ನು ಪ್ರತಿಸಲ ತನ್ನ ಕಣ್ಣಿಗೆ ಬೀಳುವಂತೆ ತಿರುಗಿಸಿಡುವವನು ಸುಜಯನೇ ಎಂಬುದು ಖಲೀಲನಿಗೆ ಗೊತ್ತು. ಮೈ ಉರಿಯುವುದು ಅದಕ್ಕೇ.