ನರ್ಸಬಾಯಿಯ ಮನೆಗೆ ಬಂದ ಬುತ್ತಿ

ನರ್ಸಬಾಯಿಯ ಗಂಡನಾದವನಿಗೆ ಜ್ವರ ಬರಬಾರದು. ಬಂದರೂ ಅದನ್ನು ಮನೆಯಲ್ಲಿ ಹೇಳಬಾರದು. ಬೇರೆ ಗಂಡಸರು ಅಷ್ಟಿಷ್ಟು ಮೈಬಿಸಿಯನ್ನೇ ಬಂಡವಾಳ ಮಾಡಿಕೊಂಡು ಶುಂಠಿ ಕಷಾಯ, ಮೆತ್ತನೆಯ ಅನ್ನ, ಹಣೆಯ ಮೇಲೆ ಹೆಂಡತಿಯ ಅಂಗೈ ಮೊದಲಾದ ಷೋಡಶೋಪಚಾರಗಳನ್ನು ಗಿಟ್ಟಿಸಿಕೊಳ್ಳುವುದನ್ನು ನಾನು ಅಸೂಯೆಯಿಂದ ನೋಡಿದ್ದೇನೆ. ನನ್ನ ಹೆಂಡತಿ ಸುನಂದಾ ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನ ನರ್ಸು. ಅವಳು ಬಾಗಿಲಲ್ಲೇ ನಿಂತು ನನ್ನನ್ನೊಮ್ಮೆ ಆಪಾದಮಸ್ತಕ ನೋಡಿ, ಏನೂ ಆಗಿಲ್ಲ ಎಂದು ತೀರ್ಪು ಕೊಟ್ಟು, ಡ್ಯೂಟಿಗೆ ಹೊರಟುಬಿಡುತ್ತಿದ್ದಳು. ಸಂಕಟವೆಂದರೆ ಅವಳ ತೀರ್ಪು ಒಮ್ಮೆಯೂ ತಪ್ಪಲಿಲ್ಲ. ಸಂಜೆಯ ಹೊತ್ತಿಗೆ ನಾನು ಆರೋಗ್ಯವಂತನಾಗಿ, ಒಳಗೊಳಗೇ ಹತಾಶನಾಗಿ, ಸಂತೆಗೆ ಹೋಗಿ ಬದನೆಕಾಯಿ ತರುತ್ತಿದ್ದೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಕರುಣರಸಕ್ಕೆ ಶೋಕವೇ ಸ್ಥಾಯೀಭಾವ ಎಂದು ವರ್ಷಕ್ಕೊಮ್ಮೆ ಒಣಗಂಟಲಲ್ಲಿ ಸಾರಿ, ಪರೀಕ್ಷೆಗೆ ಬರುತ್ತದೆ, ಗುರುತು ಹಾಕಿಕೊಳ್ಳಿ ಎಂದು ಮುಂದಿನ ರಸಕ್ಕೆ ದಾಟುವವನು. ನನ್ನ ಈ ಪಾಂಡಿತ್ಯ ಅದು ಹೇಗೋ ಆಸ್ಪತ್ರೆಯವರ ಕಿವಿಗೆ ಬಿದ್ದು, ನರ್ಸುಗಳಿಗೆ ಅಂತಃಕರಣದ ಬಗ್ಗೆ ಒಂದು ಉಪನ್ಯಾಸ ಕೊಡಬೇಕೆಂದು ಕರೆ ಬಂತು. ನಗುಮುಖದ ಮಹಿಮೆಯನ್ನೂ ಮೃದುಮಾತಿನ ಮಾಂತ್ರಿಕತೆಯನ್ನೂ ನಾನು ಬಣ್ಣಿಸಿದ್ದೇ ಬಣ್ಣಿಸಿದ್ದು. ಆ ಪಾಪದ ಹೆಣ್ಣುಮಕ್ಕಳಿಗೆ ಅದು ಊಟದ ಬಿಡುವು ಎಂಬುದು ವಂದನಾರ್ಪಣೆಯ ಹೊತ್ತಿಗೆ ತಿಳಿಯಿತು. ರಾತ್ರಿಪಾಳಿ ಮುಗಿಸಿ ಅಲ್ಲಿಯೇ ಉಳಿದಿದ್ದ ಸುನಂದಾ ಮೂರನೆಯ ಸಾಲಿನಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಮನೆಗೆ ಬಂದ ಮೇಲೆ ಹೇಗಿತ್ತೆಂದು ಕೇಳಿದರೆ, ಕುರ್ಚಿ ಚಲೋ ಇತ್ತು ಎಂದಳು.

ಅದೇ ವರ್ಷ, ಕಬ್ಬಿನ ಗಾಡಿಗಳು ರಸ್ತೆ ಹಿಡಿಯುವ ಹೊತ್ತಿಗೆ, ದಿಗ್ಗೇವಾಡಿಯ ಸವಿತಾ ಎಂಬ ಹುಡುಗಿ ಅವಳ ವಾರ್ಡಿಗೆ ಬಂದಳು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಜೊತೆಗೆ ಅವಳ ತಾಯಿ ತಂಗೆವ್ವ. ಉಳಿದವರೆಲ್ಲ ಸುನಂದಾಳನ್ನು ಸಿಸ್ಟರ್ ಎಂದು ಕರೆದರೆ ಈ ಹುಡುಗಿ ಅಕ್ಕ ಎಂದು ಕರೆದಳು, ಅಲ್ಲಿಗೆ ನನ್ನ ಹೆಂಡತಿ ಕೆಟ್ಟಳು ಅನ್ನಿ. ಪಾಳಿ ಮುಗಿದ ಮೇಲೂ ಅಲ್ಲಿಯೇ ನಿಂತು ಅವಳ ತಲೆ ಬಾಚಿ ಜಡೆ ಹೆಣೆಯುವಳು. ಮನೆಗೆ ತಡವಾಗಿ ಬಂದು, ಇವತ್ತು ಸವಿತಾ ನಕ್ಕಳು, ಇವತ್ತು ಸವಿತಾಳ ಮುಖದ ಬಾವು ಇಳಿದಿತ್ತು ಎಂದು ನನಗೆ ವರದಿ ಒಪ್ಪಿಸುವಳು. ನಾನು ಆ ಹುಡುಗಿಯನ್ನು ನೋಡಿದವನೇ ಅಲ್ಲ. ಆದರೂ ಅವಳಿಗೆ ವಾಸಿಯಾಗಲೆಂದು ದೇವರ ಮುಂದೆ ನಿಂತಾಗ ನೆನೆಯತೊಡಗಿದ್ದೆ.

ಒಂದು ಸಂಜೆ ಜೊತೆಯ ನರ್ಸು ಬರಲಿಲ್ಲ. ಎರಡು ವಾರ್ಡು ಸುನಂದಾ ಒಬ್ಬಳ ಮೇಲೆ ಬಿದ್ದವು. ಸವಿತಾ ಕೈಸನ್ನೆ ಮಾಡಿ, ಅಕ್ಕಾ, ಒಂದೀಟು ನನ್ನ ಹತ್ತಿರ ಕೂತುಕೋ ಎಂದಳಂತೆ. ಆ ಹೊತ್ತಿಗೇ ಆಚೆ ವಾರ್ಡಿನಲ್ಲಿ ಒಬ್ಬ ಮುದುಕಿಗೆ ಉಸಿರು ಸಿಕ್ಕಿಕೊಂಡಿದೆ ಎಂದು ಯಾರೋ ಓಡಿಬಂದರು. ಇವಳು ಈಗ ಬರುತ್ತೇನೆ ಎಂದು ಹೇಳಿ ಆಕ್ಸಿಜನ್ ಹಿಡಿದುಕೊಂಡು ಓಡಿದಳು. ಮುದುಕಿ ಉಳಿದುಕೊಂಡಳು. ತಿರುಗಿ ಬಂದು ನೋಡಿದರೆ ತಂಗೆವ್ವ ಮಗಳ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು, ಹುಡುಗಿ ಹೋಗಿಯಾಗಿತ್ತು. ಸುನಂದಾ ಕಣ್ಣು ಮುಚ್ಚಿಸಿದಳು, ಬಟ್ಟೆ ಹೊದಿಸಿದಳು, ಅಷ್ಟರಲ್ಲಿ ಪಕ್ಕದ ಮಂಚದವಳು ನೀರು ಕೇಳಿದಳು, ಕೊಟ್ಟಳು. ಆ ಸಂಜೆಯೇ ಸವಿತಾಳ ಮಂಚಕ್ಕೆ ಒಗೆದ ಚಾದರ ಹಾಸಿ ಇನ್ನೊಬ್ಬಳನ್ನು ಮಲಗಿಸಿದರು.

ಮನೆಗೆ ಬಂದು ಎಂದಿನಂತೆ ಅಡುಗೆ ಮಾಡಿದಳು, ಎಂದಿನಂತೆ ಮಲಗಿದಳು. ಎಂದಿನಂತೆ ಎನ್ನುವುದು ನನಗೆ ಕಂಡದ್ದು ಅಷ್ಟೇ. ಕೆಲವು ದಿನ ಕಳೆದ ಮೇಲೆ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಹೇಳಿದಳು:

“ನನಗ ಅಳು ಬರವಲ್ದುರಿ. ಅಕಿ ಹೋದಾಗ್ಲೂ ಬರಲಿಲ್ಲ, ಇವತ್ತಿಗೂ ಬರವಲ್ದು. ಇನ್ನ ಯಾರ ಸತ್ರೂ ನನಗ ಏನೂ ಅನಸೂದಿಲ್ಲೇನೋ ಅಂತ ಅಂಜಿಕಿ ಬಂದೈತಿ.”

ವಾರ್ಡಿನಿಂದ ತೆಗೆದು ಔಷಧದ ಸ್ಟೋರಿಗೆ ಹಾಕಿರೆಂದು ಮೇಲಿನವರನ್ನು ಕೇಳಿಕೊಂಡಿದ್ದಾಳಂತೆ, ಅವರೂ ಒಪ್ಪಿದ್ದಾರಂತೆ, ಸೋಮವಾರದಿಂದ ಅಲ್ಲಿ. ಸಲೈನ್ ಬಾಟಲಿಗಳು ಅಕ್ಕ ಎಂದು ಕರೆಯುವುದಿಲ್ಲ, ಸಾಯುವುದೂ ಇಲ್ಲ ಎಂದಳು. ನಾನು ವೃತ್ತಿಧರ್ಮ, ನಿರ್ಲಿಪ್ತತೆ, ವಿಧಿ ಎಂದೆಲ್ಲ ಒಂದೆರಡು ಒಳ್ಳೆಯ ವಾಕ್ಯಗಳನ್ನು ಜೋಡಿಸಿ ಒಪ್ಪಿಸಿದೆ. ಅವಳು ಕೇಳಿಸಿಕೊಳ್ಳುತ್ತ ರೊಟ್ಟಿ ತಿರುವಿ ಹಾಕಿದಳು.

ಸೋಮವಾರಕ್ಕೆ ಮುಂಚಿನ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ತಂಗೆವ್ವ ನಿಂತಿದ್ದಳು. ಹೆಸರು ಹೇಳಿದ ಮೇಲೆಯೇ ನನಗೆ ಗುರುತಾಯಿತು. ಸಾವಿನ ಬಳಿಕ ಸಂಬಂಧಿಕರು ಆಸ್ಪತ್ರೆಯವರ ಮೇಲೆ ಏರಿಹೋದದ್ದನ್ನು ಕೇಳಿ ಬಲ್ಲವನಾದ್ದರಿಂದ, ಕರೆದಾಗ ಇವಳೇಕೆ ಕೂರಲಿಲ್ಲವೆಂದು ಜಗಳ ತೆಗೆಯಲು ಬಂದಿದ್ದಾಳೆ ಎಂದೇ ಗ್ರಹಿಸಿ, ಎರಡು ವಾರ್ಡು, ಒಬ್ಬ ನರ್ಸು ಎಂಬ ಸಮರ್ಥನೆಯನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡೆ. ಅವಳು ನನ್ನತ್ತ ನೋಡಲೇ ಇಲ್ಲ. ನೇರ ಒಳಗೆ ಬಂದು ಸುನಂದಾಳ ಮುಂದೆ ನೆಲದ ಮೇಲೆ ಕೂತು, ಬಗಲಲ್ಲಿದ್ದ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಒಂದು ಉಳ್ಳಾಗಡ್ಡಿ.

ನಮ್ಮ ಕಡೆ ಸಾವಾದ ಮನೆಯಲ್ಲಿ ಆ ದಿನ ಒಲೆ ಹೊತ್ತಿಸುವುದಿಲ್ಲ. ನೆರೆಯವರೋ ಬೀಗರೋ ಬುತ್ತಿ ತರುತ್ತಾರೆ. ಒಲ್ಲೆನೆಂದು ಮುಖ ತಿರುಗಿಸಿದವರ ಬಾಯಿಗೆ ತುತ್ತು ಮುರಿದು ಇಡುತ್ತಾರೆ. ಅತ್ತು ಅತ್ತು ಬತ್ತಿದವರು ಆ ತುತ್ತಿನ ಜೊತೆ ಇನ್ನೊಮ್ಮೆ ಅಳುತ್ತಾರೆ. ಆಮೇಲೆ ಹೇಗೋ ಬದುಕುತ್ತಾರೆ. ಇದೆಲ್ಲ ಸಂಬಂಧಿಕರಿಗೆ. ಸತ್ತವರ ಕಣ್ಣು ಮುಚ್ಚಿಸಿದವಳಿಗೆ ಸೂತಕವೂ ಇಲ್ಲ, ಬುತ್ತಿಯೂ ಇಲ್ಲ. ಅವಳಿಗಿರುವುದು ಮರುದಿನದ ಪಾಳಿ.

“ಮಂದಿ ನಮಗ ರೊಟ್ಟಿ ತಂದಾಗ ನಿಮ್ಮ ನೆನಪಾತ್ರಿ ಬಾಯಾರ,” ಎಂದಳು ತಂಗೆವ್ವ. “ನಿಮಗ ಯಾರ ತಂದಾರು? ನಮ್ಮನ್ಯಾಗ ಎಲ್ಲಾರೂ ಅತ್ತ ಹಗರಾಗೀವಿ. ನೀವೊಬ್ರ ಉಳದೀರಿ. ಉಣ್ರಿ.”

ರೊಟ್ಟಿ ಮುರಿದು ಝುಣಕ ಹಚ್ಚಿ ಬಾಯಿಗೆ ಹಿಡಿದಳು. ಸುನಂದಾ ಬಾಯಿ ತೆರೆದಳು. ನುಂಗಲಾಗದೆ, ಉಗುಳಲಾಗದೆ, ನನ್ನ ಹೆಂಡತಿ ಬಿಕ್ಕಿದ್ದನ್ನು ನಾನು ಕೇಳಿದೆ. ಅದು ಸವಿತಾ ಒಬ್ಬಳಿಗಾಗಿ ಬಂದ ಅಳುವಾಗಿರಲಿಲ್ಲ. ಎಷ್ಟೋ ವರ್ಷಗಳ, ಎಷ್ಟೋ ಮಂಚಗಳ ಬಾಕಿ ಅದರಲ್ಲಿತ್ತು. ಮಗಳನ್ನು ಕಳೆದುಕೊಂಡ ತಾಯಿ ಅವಳ ಬೆನ್ನು ಸವರುತ್ತ ಕೂತಿದ್ದಳು. ನಾನು ಅಡುಗೆಮನೆಗೆ ಹೋಗಿ ಚಹಾ ಮಾಡಿದೆ. ಯಾರೂ ಕುಡಿಯಲಿಲ್ಲ. ಕರುಣಕ್ಕೆ ಶೋಕ ಸ್ಥಾಯಿ ಎಂದು ನಾನು ಇಷ್ಟು ವರ್ಷ ಹೇಳಿದ್ದು ಸುಳ್ಳಲ್ಲ; ಆದರೆ ಕರುಣೆ ತೋರಿಸಿದವರ ಒಳಗೆ ಆ ಶೋಕ ಸ್ಥಾಯಿಯಾಗಿ ಕೂತುಬಿಟ್ಟರೆ ಏನು ಮಾಡಬೇಕೆಂದು ನನಗೆ ಪಾಠ ಹೇಳಿದವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಓದುಗ ಮಿತ್ರರೇ, ಕಥೆಯಾಗಿದ್ದರೆ ಸುನಂದಾ ಸೋಮವಾರ ಹೊಸ ಹುರುಪಿನಿಂದ ವಾರ್ಡಿಗೇ ಮರಳಬೇಕಿತ್ತು. ಮರಳಲಿಲ್ಲ. ಅತ್ತದ್ದರಿಂದ ಅವಳ ಅಂಜಿಕೆ ಹೋಯಿತು, ದಣಿವು ಹೋಗಲಿಲ್ಲ. ಸ್ಟೋರಿಗೆ ಹೋದಳು. ಒಳ್ಳೆಯ ನರ್ಸೊಬ್ಬಳನ್ನು ವಾರ್ಡು ಕಳೆದುಕೊಂಡಿತು, ಮತ್ತು ಅದು ನಷ್ಟವೆಂದು ಅಲ್ಲಿ ಯಾರಿಗೂ ಅನಿಸಲಿಲ್ಲ.

ಕೆಲವು ತಿಂಗಳಾದ ಮೇಲೆ ಅವಳೇ ಹೇಳಿದ ಮಾತಿದು. ಅದೇ ವಾರ್ಡಿಗೆ ಹೊಸದಾಗಿ ಸೇರಿದ್ದ ಹಾರೂಗೇರಿಯ ನರ್ಸು ಒಬ್ಬಳು ಹತ್ತಿ, ಬ್ಯಾಂಡೇಜು ಒಯ್ಯಲು ಸ್ಟೋರಿಗೆ ಬಂದಳಂತೆ. ಮುಖ ನೋಡಿದ ಕೂಡಲೆ ಇವಳಿಗೆ ತಿಳಿಯಿತು. ಯಾರು ಹೋದರು ಎಂದು ಕೇಳಿದಳು. ಕಿಟಕಿಯ ಪಕ್ಕದ ಮಂಚದ ಮುದುಕಿ ಆಯಿ, ಬೆಳಿಗ್ಗೆ, ಎಂದಳು ಆಕೆ ಒಣಗಣ್ಣಲ್ಲಿ. ಬೇಗ ಕೊಡಿ, ಮೂವರು ಕಾಯುತ್ತಿದ್ದಾರೆ ಎಂದೂ ಹೇಳಿದಳು. ಸುನಂದಾ ಹತ್ತಿ ಕೊಡಲಿಲ್ಲ. ಅವಳನ್ನು ಒಂದು ರಟ್ಟಿನ ಡಬ್ಬದ ಮೇಲೆ ಕೂರಿಸಿ, ತನ್ನ ಊಟದ ಡಬ್ಬಿ ತೆರೆದು, ರೊಟ್ಟಿ ಮುರಿದು ಬಾಯಿಗೆ ಹಿಡಿದಳು.

“ಮೊದಲ ಇದನ್ನ ಉಣ್ಣು, ತಂಗಿ.”

ಆ ಹುಡುಗಿ ಅಗಿಯುತ್ತಲೇ ಅತ್ತಳಂತೆ. ಆಮೇಲೆ ಮುಖ ತೊಳೆದುಕೊಂಡು, ಹತ್ತಿ ಎತ್ತಿಕೊಂಡು, ಕಾಯುತ್ತಿದ್ದ ಮೂವರ ಕಡೆಗೆ ಹೋದಳು.