ಬ್ರಷ್ಷಮ್ಮನ ಇಳಿಜಾರು

ನೀರು ಶುದ್ಧಿ ಮಾಡುವ ಘಟಕದಲ್ಲಿ ಅವಳಿಗೆ ಕೊಟ್ಟಿದ್ದ ಕೆಲಸ ಹುಲ್ಲು ಕತ್ತರಿಸುವುದು, ಗೇಟಿನ ಪಕ್ಕದ ಕುಂಡಗಳಿಗೆ ನೀರು ಹಾಕುವುದು, ಅಷ್ಟೇ. ಟ್ಯಾಂಕುಗಳ ಹಿಂದಿನ ಇಳಿಜಾರಿನ ಉಸಾಬರಿಯನ್ನು ಅವಳೇ ಮೈಮೇಲೆ ಎಳೆದುಕೊಂಡಿದ್ದಳು. ಹದಿನಾಲ್ಕು ವರ್ಷದ ಹಿಂದೆ ಗಿಡಗಳ ಲೆಕ್ಕಕ್ಕೆಂದು ಬಂದಿದ್ದ ಕಾಲೇಜು ಮೇಷ್ಟ್ರೊಬ್ಬರು ಅಲ್ಲಿನ ಕುರುಚಲು ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದ್ದರು:

"ಈ ಜಾತಿ ಬೇರೆಲ್ಲೂ ಉಳಿದ ಹಾಗಿಲ್ಲಮ್ಮ. ಹೂ ಬಿಡುತ್ತೆ, ಕಾಯಿ ಕಟ್ಟಲ್ಲ. ಇಷ್ಟುದ್ದ ಕೊಳವೆ ಹೂವಿಗೆ ಒಂದೇ ಒಂದು ಪತಂಗದ ನಾಲಿಗೆ ಎಟುಕೋದು. ಆ ಪತಂಗ ಈ ಕಡೆ ಕಾಣ್ತಿಲ್ಲ."

ಹೋಗುವಾಗ ತೆಳುವಾದ ಬ್ರಷ್ಷೊಂದನ್ನು ಕೊಟ್ಟು, ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವುದನ್ನು ಕಲಿಸಿಕೊಟ್ಟರು.

ಅಲ್ಲಿಂದ ಮುಂದೆ ಪ್ರತಿ ವರ್ಷ ಹೂ ಬಿಡುವ ಆರು ವಾರ, ಮೊಗ್ಗು ಬಿರಿಯುವ ಸಂಜೆ ಹೊತ್ತಿಗೆ ಅವಳು ಇಳಿಜಾರಿನಲ್ಲೇ. ಪಂಪು ನಡೆಸುವವನು ಬ್ರಷ್ಷಮ್ಮ ಎಂದು ಹೆಸರಿಟ್ಟ. "ಇವತ್ತು ಎಷ್ಟು ಮದುವೆ ಮಾಡಿಸಿದ್ರಿ?" ಎಂದು ದಿನಾ ಕೇಳುತ್ತಿದ್ದ. ಮೊದಮೊದಲು ನಗುತ್ತಿದ್ದಳು. ಬರಬರುತ್ತಾ ನಗುವುದಕ್ಕೂ ಸುಸ್ತು.

ಪತಂಗ ಮರಳಿ ಬರಬೇಕಾದರೆ ಅದರ ಹುಳ ತಿನ್ನುವ ಕಾಡುಬಳ್ಳಿ ಇರಬೇಕು ಅಂತಲೂ ಮೇಷ್ಟ್ರು ಹೇಳಿದ್ದರು. ಅದನ್ನು ಹುಡುಕಿ ತಂದು ಬೇಲಿಯುದ್ದಕ್ಕೂ ಹಬ್ಬಿಸಿದಳು. ಹೊಸದಾಗಿ ಬಂದ ಇಂಜಿನಿಯರು ಅದನ್ನು ಕಂಡು ಮುಖ ಸಿಂಡರಿಸಿ, "ಏನಿದು ಕೊಂಪೆ?" ಅಂದವರೇ, ಅವಳು ರಜೆಯಲ್ಲಿದ್ದ ದಿನ ಆಳು ಕರೆಸಿ ಕಳೆ ಸಾಯಿಸುವ ಔಷಧಿ ಹೊಡೆಸಿದರು. ಬಳ್ಳಿಯ ಜೊತೆಗೆ ಇಳಿಜಾರಿನ ಹನ್ನೊಂದು ಗಿಡವೂ ಒಣಗಿದವು.

ಅವತ್ತು ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಕೂತುಬಿಟ್ಟಳು. ಜೊತೆಗಿದ್ದ ತಂಗಿಗೆ ತಡೆಯಲಾಗಲಿಲ್ಲ. "ಬಿಟ್ಟಾಕು ಅಕ್ಕ. ನಿನಗೊಬ್ಬಳಿಗೇ ಬಂದಿದ್ಯಾ ಈ ಕರ್ಮ?"

"ಬಿಡೋಕೂ ತ್ರಾಣ ಬೇಕು ಕಣೇ," ಅಂದಳು.

ಮಾರನೆಯ ವಾರ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಆ ಗಿಡಗಳ ಬೀಜ ಊರಿದಳು. ಇಪ್ಪತ್ತರಲ್ಲಿ ಮೂರು ಬದುಕಿದವು. ಬಳ್ಳಿಯನ್ನೂ ಮತ್ತೆ ನೆಟ್ಟು, ಇಂಜಿನಿಯರರ ಬೈಗುಳವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಎರಡು ವರ್ಷಕ್ಕೆ ಅವರಿಗೇ ವರ್ಗವಾಯಿತು.

ಈ ವರ್ಷ ಸರಿಯಾಗಿ ಹೂವಿನ ಕಾಲಕ್ಕೇ ಮಂಡಿ ಕೈಕೊಟ್ಟಿತು. ಎರಡು ತಿಂಗಳು ಹಾಸಿಗೆ. ಈ ಸಲದ ಕಾಯಿಯ ಆಸೆಯನ್ನು ಬಿಟ್ಟೇಬಿಟ್ಟಿದ್ದಳು. ಮತ್ತೆ ಕೆಲಸಕ್ಕೆ ಹೋದ ದಿನ ತಂಗಿಯ ತೋಳು ಹಿಡಿದು ಇಳಿಜಾರು ಹತ್ತಿದರೆ, ಬೇಲಿಗೆ ಹತ್ತಿರದ ಏಳು ಗಿಡಗಳಲ್ಲಿ ಹಸಿರು ಕಾಯಿ ಜೋತಾಡುತ್ತಿದ್ದವು.

ಪಂಪಿನವನನ್ನು ಕೂಗಿ ಕರೆದಳು. "ನೀನೇನಾದ್ರೂ ಬ್ರಷ್ಷು ಆಡಿಸಿದ್ಯಾ?"

"ನಿಮ್ಮಾಣೆ, ಮುಟ್ಟೇ ಇಲ್ಲ. ಸಂಜೆ ಹೊತ್ತು ಗುಬ್ಬಿ ಗಾತ್ರದ್ದು ಏನೋ ಒಂದು ಬುರ್ರಂತ ಹೂವಿಂದ ಹೂವಿಗೆ ಹಾರ್ತಿತ್ತು. ಹಕ್ಕಿ ಮರಿ ಅಂದ್ಕೊಂಡೆ."

ಅವಳು ಮೆಲ್ಲಗೆ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಂಡಳು.

"ಖುಷಿ ಆಗ್ಲಿಲ್ವಾ ಅಕ್ಕ?" ತಂಗಿ ಕೇಳಿದಳು.

"ಆಯ್ತು. ಹದಿನಾಲ್ಕು ವರ್ಷ ಆದ್ಮೇಲೆ ಪತಂಗ ಬಂದಿದೆ. ಕುಣಿಯೋಕೆ ಈಗ ಕಾಲಿಲ್ಲ, ಅಷ್ಟೇ."

ಬೇಲಿಯಿಂದ ದೂರದ ಗಿಡಗಳು ಬರಿದಾಗೇ ಇದ್ದವು. ಅಲ್ಲಿಯವರೆಗೂ ಬಳ್ಳಿ ಹಬ್ಬಿಸಬೇಕು. ಎಲ್ಲೆಲ್ಲಿ ಗುಣಿ ತೋಡಬೇಕೆಂದು ಅವಳು ಕೂತಲ್ಲಿಂದಲೇ ಬೆರಳು ಮಾಡಿ ತೋರಿಸಿದಳು. ತಂಗಿ ಗೊಣಗುತ್ತಲೇ ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಹುಡುಕಲು ಹೋದಳು.