ಚಕ್ರವರ್ತಿ ಕೇಳಿದ ಎರಡನೇ ಬಟ್ಟಲು

ಬೆಳಗಿನ ಪ್ರಾರ್ಥನೆ ಈಗಷ್ಟೇ ಮುಗಿದಿದೆ. ಆಲ್ಟೆನ್‌ಬ್ರುನ್ ಮಠದ ಬರವಣಿಗೆ ಕೋಣೆಯಲ್ಲಿ ವೃದ್ಧ ಸನ್ಯಾಸಿ ವೋಲ್ಫ್‌ಹೆಲ್ಮ್ ಶಾಯಿ ತುಂಬಿದ ಕೊಂಬನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದಾರೆ. ಚಳಿಗೆ ಹೆಪ್ಪುಗಟ್ಟಿದ ಶಾಯಿ ಮೈಶಾಖಕ್ಕೆ ಕರಗಬೇಕು. ಸಾಮ್ರಾಜ್ಯದ ಚರಿತ್ರೆ ಹೊರಡುವುದು ಈ ಕಂಕುಳಿನಿಂದ ಎಂದರೆ ಅರಮನೆಯವರು ನಂಬಲಿಕ್ಕಿಲ್ಲ.

"ಅರಮನೆ ನಾನೆಲ್ಲಿ ಕಂಡೆ? ಉಪ್ಪು ಮಾರೋರು, ಕಾಲು ಮುರ್ಕೊಂಡ ಸಿಪಾಯಿಗಳು ಹೇಳ್ತಾರೆ, ಬರ್ಕೋತೀನಿ. ಇಬ್ರೂ ಒಂದೇ ಸುಳ್ಳು ಹೇಳಿದ್ರೆ ಅದೂ ಸೇರ್ಕೊಳ್ಳುತ್ತೆ, ಏನ್ಮಾಡ್ಲಿ?" ಎಂದು ನಗುತ್ತಾರೆ.

ಅವರು ಕಣ್ಣಾರೆ ಕಂಡು ಬರೆದದ್ದು ಒಂದೇ ಸಂಗತಿ. ಹರೆಯದಲ್ಲಿ ಅಡುಗೆಮನೆಯ ಕೆಲಸಕ್ಕಿದ್ದಾಗ, ಒಂದು ಹಿಮದ ಸಂಜೆ, ಕುದುರೆ ಕುಂಟಿ ಹಳೆಯ ಚಕ್ರವರ್ತಿ ಇಲ್ಲಿಗೆ ಬಂದಿದ್ದರು. ಬಾರ್ಲಿ ಗಂಜಿ ಕುಡಿದು ಮತ್ತೆ ಬಟ್ಟಲು ಚಾಚಿದ್ದರು. "ಕೈ ನಡುಗ್ತಿತ್ತು. ನಮ್ಮಪ್ಪನ ಕೈ ಹಾಗೇ ನಡುಗೋದು," ಎನ್ನುವಾಗ ವೋಲ್ಫ್‌ಹೆಲ್ಮ್ ದನಿ ಇಳಿಯುತ್ತದೆ. ಆ ಸಂಜೆ ಅವರಿಗೆ ಇಂದಿಗೂ ಬೆಚ್ಚಗಿದೆ.

ಮುಂದೆ ಚಕ್ರವರ್ತಿ ಪೋಪರ ಬಹಿಷ್ಕಾರ ಹೊತ್ತೇ ತೀರಿಕೊಂಡರು. ಈಗ, ಅವರ ಹೆಸರೆತ್ತಿದರೆ ಉರಿದುಬೀಳುವ ಹೊಸ ದೊರೆಯ ಜನ ಮಠದ ಪುಸ್ತಕ ನೋಡಲು ನಾಳೆ ಬರುತ್ತಿದ್ದಾರೆ.

"ಆ ಗಂಜಿ ಕಥೆ ಕೆರೆದುಬಿಡಿ," ಎಂದಿದ್ದಾರೆ ಮಠಾಧಿಪತಿ ಗೇರುಂಗ್. "ಅವರಿಗೆ ಸಿಟ್ಟು ಬಂದ್ರೆ ನಮ್ಮ ಗಿರಣಿ ಕಿತ್ಕೋತಾರೆ. ಚಳಿಗಾಲಕ್ಕೆ ಇಷ್ಟು ಜನ ಏನು ತಿನ್ನೋದು?"

ವೋಲ್ಫ್‌ಹೆಲ್ಮ್ ಚಾಕು ಹಿಡಿದು ಕೆರೆಯುತ್ತಾರೆ. ಕರುವಿನ ಚರ್ಮದ ಹಾಳೆಯಿಂದ ಪುಡಿ ಉದುರಿ ಮಡಿಲು ತುಂಬುತ್ತದೆ.

ಮಠಕ್ಕೆ ಬೇಕಾದವರು ತೀರಿಕೊಂಡ ದಿನ ವರ್ಷವರ್ಷವೂ ಅವರ ಹೆಸರು ಓದಿ, ಊಟಕ್ಕೊಂದು ಹೆಚ್ಚಿನ ಅಡುಗೆ ಬಡಿಸುವುದು ಇಲ್ಲಿನ ವಾಡಿಕೆ. ಬಹಿಷ್ಕೃತರ ಹೆಸರು ಓದುವಂತಿಲ್ಲ. ಆದರೂ ಚಕ್ರವರ್ತಿ ತೀರಿಕೊಂಡ ದಿನ ಅಡುಗೆಯ ಎಪ್ಪೋ ಪ್ರತಿವರ್ಷ ಜೇನು ಹಾಕಿ ಬಾರ್ಲಿ ಗಂಜಿ ಕಾಯಿಸುತ್ತಾನೆ. ಆ ದಿನ ಇವತ್ತೇ.

"ಈ ವರ್ಷ ಬೇಡ ಕಣೋ, ಗೇರುಂಗ್‌ಗೆ ಗೊತ್ತಾದ್ರೆ?" ಎನ್ನುತ್ತಾರೆ ವೋಲ್ಫ್‌ಹೆಲ್ಮ್.

"ಪುಸ್ತಕ ನಿಂದು, ಸೌಟು ನಂದು. ಹೋಗಿ ಕೈ ತೊಳ್ಕೊ."

ಊಟದ ಹೊತ್ತಿಗೆ ಮಾತಾಡುವಂತಿಲ್ಲ, ಎಲ್ಲ ಸನ್ನೆಯಲ್ಲೇ. ಗೇರುಂಗ್ ಗಂಜಿ ನೋಡುತ್ತಾರೆ, ವೋಲ್ಫ್‌ಹೆಲ್ಮರ ಮುಖ ನೋಡುತ್ತಾರೆ. ತಲೆ ತಗ್ಗಿಸಿ ಕುಡಿಯುತ್ತಾರೆ. ಆಮೇಲೆ ಎಪ್ಪೋ ಕಡೆಗೆ ಮತ್ತೆ ಬಟ್ಟಲು ಚಾಚುತ್ತಾರೆ.

ಸಂಜೆ, ಕೆರೆದ ಜಾಗವನ್ನು ಬೆರಳಲ್ಲಿ ಸವರುತ್ತ ವೋಲ್ಫ್‌ಹೆಲ್ಮ್ ಅನ್ನುತ್ತಾರೆ: "ನಾನು ಹೋದ್ಮೇಲೆ ನನ್ನ ಹೆಸರು ಓದದಿದ್ರೂ ಬೇಜಾರಿಲ್ಲ ಎಪ್ಪೋ. ನನ್ನ ದಿನ ಯಾರಾದ್ರೂ ಎರಡನೇ ಸಲ ಗಂಜಿ ಕೇಳಿದ್ರೆ, ಇಲ್ಲ ಅನ್ಬೇಡ."